ಹತ್ತು ಪಾಯಿಂಟ್ ಆರು

ಪ್ರಾಕ್ಟಿಕಲ್ ಪರೀಕ್ಷಾದ ಹಿಂದಿನ ರಾತ್ರಿ ಕರೆಂಟ್ ಹೋತು.
ನೀರು ಭಟ್ಟಿ ಇಳಿಸೋ ಯಂತ್ರ ಗುರುಗುಟ್ಟಿ ಸುಮ್ಮನಾತು.
ಕ್ಯಾನಿನ ತಳದಾಗ ಉಳಿದದ್ದು ನಾಕು ಬೆರಳು.
ಅದರಾಗ ಆಮ್ಲ ಕಲಿಸಿದೆ.
ಸೋಡಾಕ್ಕ ಸಾಲಲಿಲ್ಲ.
ಹಿತ್ತಲಕ್ಕ ಹೋಗಿ ನಳ ತಿರುವಿದೆ,
ಯಾರೂ ನೋಡಲಿಲ್ಲ.
ಬೆಟಗೇರಿ ಬೋರಿನ ಸವುಳು ನೀರು:
ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಬಿಡಂಗಿಲ್ಲ,
ಕೊಡದ ಹೊಟ್ಟಿಗೆ ಬಿಳೇ ಪರಿ ಕಟ್ಟತೈತಿ.

ಸೋಡಾ ಕರಗಿತು.
ಕರಗಿದ್ದು ಕಣ್ಣಿಗೆ ಕಾಣಂಗಿಲ್ಲ.
ಕಂದೀಲು ಎತ್ತಿ ನೋಡಿದೆ, ಬಾಟಲಿ ತಿಳಿ,
ನನ್ನ ತಪ್ಪೂ ಅದರೊಳಗ ತಿಳಿ.

ನಮ್ಮಪ್ಪ ಕಳಕಪ್ಪ ನೀಲಗಾರ.
ನೂಲಿಗೆ ನೀಲಿ ಹಾಕೋ ಮನುಷ್ಯಾ,
ಮೊಣಕೈ ತನಕ ಬಣ್ಣ, ಮದುವಿ ಫೋಟೋದಾಗೂ.
ನೆಲದಾಗ ಹುಗಿದ ಹರವಿ,
ಅದರಾಗ ಸುಣ್ಣ, ಬೆಲ್ಲ, ತಗಚಿ ಬೀಜದ ಗಂಜಿ.
ಮುಂಜಾನೆ ಎದ್ದಾವನ ಒಂದು ಬೆರಳು ಅದ್ದಿ
ನಾಲಗಿ ತುದಿಗೆ ಹಚ್ಚತಿದ್ದ.
“ಇನ್ನೊಂದು ಹಿಡಿ ಸುಣ್ಣ.”
ಇಲ್ಲಾ, “ಹರವಿ ಮುನಿಸಿಕೊಂಡೈತಿ, ಬೆಲ್ಲ ತಾ.”
ಕಡೀಕಡೀಕ ಪಲ್ಯದಾಗಿನ ಉಪ್ಪು ತಿಳೀವಲ್ದಾತು ಅವಗ.
ಸುಣ್ಣ ಮಾತ್ರ ತಿಳೀತಿತ್ತು.

ನನ್ನ ಲ್ಯಾಬಿನ ಗ್ವಾಡಿ ಮ್ಯಾಲ ಹಲಗಿ ಐತಿ:
ಇಲ್ಲಿ ಯಾವುದನ್ನೂ ರುಚಿ ನೋಡಬಾರದು.
ಬರದಾವ ನಾನ.
ನೀಲಿ ಬಣ್ಣದಾಗ.

ಮರುದಿನ ಮೂವತ್ತು ಬ್ಯೂರೆಟ್ಟು ಸಾಲಾಗಿ ನಿಂತವು,
ಏಳನೇದು ಸೋರತೈತಿ, ಅದಕ್ಕ ಮೇಣ ಹಚ್ಚಿದ್ದೆ.
ಮೀಥೈಲ್ ಆರೆಂಜ್ ಎರಡೆರಡು ಹನಿ.
ಸೋಡಾದಾಗ ಹಳದಿ, ಆಮ್ಲ ಹೆಚ್ಚಾತಂದ್ರ ಕೆಂಪು,
ಅರಿಶಿಣಕ್ಕ ಬರೋಬ್ಬರಿ ಉಲ್ಟಾ.
ಅವ್ವ ಅರಿಶಿಣಕ್ಕ ಸುಣ್ಣ ಕಲಿಸಿ ಕುಂಕುಮ ಮಾಡಾಕಿ;
ಇಪ್ಪತ್ತೆಂಟು ವರ್ಷಾತು, ನನಗ ಇನ್ನೂ ಒಮ್ಮೊಮ್ಮೆ
ಯಾವ ಕಡೆ ಯಾವ ಬಣ್ಣ ಅಂತ ಕೈ ತಡೀತೈತಿ.

“ಹತ್ತು, ಹತ್ತು,” ಪಿಸುಮಾತು ಬೆಂಚಿಂದ ಬೆಂಚಿಗೆ ಹರೀತು.
ಹೋದ ವರ್ಷನೂ ಹತ್ತ, ಅದರ ಹಿಂದಿನ ವರ್ಷನೂ ಹತ್ತ.
ಇಪ್ಪತ್ತೊಂಬತ್ತು ಮಂದಿ ಹತ್ತು ಬರದ್ರು.
ಕೆಲವರದು ಇನ್ನೂ ಹಳದಿ ಇತ್ತು.

ಮೆಹರುನ್ನಿಸಾ ಡಂಬಳ ಬರದದ್ದು ಹತ್ತು ಪಾಯಿಂಟ್ ಆರು.
ಬ್ಯೂರೆಟ್ಟು ತೊಳದು ಮತ್ತ ಮಾಡಿದ್ಲು. ಹತ್ತು ಪಾಯಿಂಟ್ ಆರು.
ಕುತಗಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ,
ಸೂಜಿಗೆ ದಾರ ಪೋಣಿಸಿದಂಗ ಓದಿದ್ಲು.
ಮೂರನೇ ಸಲಾನೂ ಅದ.
ರೋಣದಿಂದ ಬಂದಿದ್ದ ಪರೀಕ್ಷಕರು
ಪಕ್ಕದ ಹಾಳಿ ನೋಡಿದ್ರು, ಈಕಿ ಹಾಳಿ ನೋಡಿದ್ರು,
ಕೆಂಪು ಪೆನ್ನು ತಗದ್ರು.

ಆಕಿ ಏನೂ ಅನ್ನಲಿಲ್ಲ.
ಫ್ಲಾಸ್ಕು ಎತ್ತಿ ಹಿಡದ್ಲು, ಅಷ್ಟ.
ಇಳಿ ಬಿಸಲಿನ ಬಣ್ಣ.

ನನ್ನ ಬಾಯಿ ಒಣಗಿತ್ತು.
“ಸರ, ಒಂದು ನಿಮಿಷ” ಅಂದೆ.
ನಳದ ನೀರು ಹತ್ತು ಎಂ.ಎಲ್. ಅಳದು ಹಾಕಿದೆ,
ಸೋಡಾ ಇಲ್ಲ, ಏನಿಲ್ಲ, ಬರೇ ನೀರು.
ಎರಡು ಹನಿ ಬಣ್ಣ. ಹಳದಿ ಆತು.
ಆಮ್ಲದ ಕೀಲಿ ತಿರುವಿದೆ:
ಪಾಯಿಂಟ್ ಎರಡು. ಪಾಯಿಂಟ್ ನಾಕು.
ಹನಿ ತುದೀಗೆ ಜೋತಾಡಿ, ಬೀಳವಲ್ದು ಬೀಳವಲ್ದು,
ಬಿತ್ತು.
ಪಾಯಿಂಟ್ ಆರು. ಕೆಂಪಾತು.

ಪ್ಯಾನಿನ ಸಪ್ಪಳ ಕೇಳತಿತ್ತು.
ಪರೀಕ್ಷಕರು ಪೆನ್ನಿಗೆ ಟೊಪ್ಪಿಗಿ ಹಾಕಿ
“ಇದನ್ನ ಮೊದಲ ಯಾಕ ಹೇಳಲಿಲ್ರಿ?” ಅಂದ್ರು.
ನನ್ನ ಹತ್ರ ಉತ್ತರ ಇರಲಿಲ್ಲ,
ಇತ್ತು, ಕರಗಿತ್ತು.
ಇಪ್ಪತ್ತೊಂಬತ್ತು ತಲಿ ಮೇಜು ನೋಡಾಕ ಹತ್ತಿದ್ವು.
ಮೆಹರುನ್ನಿಸಾ ಫ್ಲಾಸ್ಕು ತೊಳೀಲಿಕ್ಕ ಹೋದ್ಲು,
ಅದ ನಳಕ್ಕ.

ಸೋಮವಾರ ನನಗ ಮೆಮೊ ಬಂತು.
ಉತ್ತರ ಬರದು ಕೊಟ್ಟೆ, ಒಂದ ಸಾಲು.

ಮನಿಗೆ ಬಂದು ಚರಿಗಿಯೊಳಗ ನೀರು ತಗೊಂಡೆ.
ಕುಡಿಯೂಕಿಂತ ಮೊದಲ
ಬೆರಳು ಅದ್ದಿ ನಾಲಗಿಗೆ ಹಚ್ಚಿದೆ.
ಏನೂ ತಿಳೀಲಿಲ್ಲ.
ಮತ್ತೊಮ್ಮೆ ಹಚ್ಚಿದೆ.