ಯಾವ ಬರಿ?

ಬೆಳಗಿನ ಐದೂವರೆ, ಮಲ್ಪೆಯ ಧಕ್ಕೆ.
ಕತ್ತರಿ, ಚಿಮಟ, ಮದ್ಯಸಾರ ತುಂಬಿದ ನಲವತ್ತು ಕೊಳವೆ.
ಮಂಜುಗಡ್ಡೆಯ ಮೇಲೆ ಬಾಯಿ ತೆರೆದ ಮುರು ಮೀನು.
ಬಾಲದ ಅಂಚಿನಿಂದ ಒಂದು ಉಗುರಿನಷ್ಟು,
ಅಷ್ಟೇ ಸಾಕು ನನಗೆ.
"ಅಷ್ಟೇ ಅಂತೀರಿ,"
ಬೇಬಿಯಕ್ಕ ಕತ್ತಿಯನ್ನು ಸೆರಗಿಗೆ ಒರೆಸಿದಳು,
"ಬಾಲ ಹರಿದ ಮೀನಿಗೆ ಹೋಟೆಲಿನವ
ಕಿಲೋಗೆ ಇಪ್ಪತ್ತು ಕಡಿಮೆ ಮಾಡುತ್ತಾನೆ.
ಅದನ್ನು ಯಾವ ಸರಕಾರ ಕೊಡುತ್ತದೆ?"
ನಾನೇ ಕೊಟ್ಟೆ. ರಸೀದಿ ಇಲ್ಲದ ಖರ್ಚು.

ಕೊಳವೆಯ ಮೇಲೆ ಬರೆದೆ: ತೋನ್ಸೆಪಾರ್, ಗಾಳ, ಏಳು ಮಾರು ಆಳ.
ಪಕ್ಕದ ಬುಟ್ಟಿಯದು ಕಾಪು ದೀಪಸ್ತಂಭದಾಚೆಯ ಪಾದೆಯದು.
ಎರಡಕ್ಕೂ ಅದೇ ಕಂದು ಚುಕ್ಕೆ, ಅದೇ ಮುನಿಸಿನ ತುಟಿ.
ಒಂದೇ ಕುಟುಂಬವೋ,
ನಡುವಿನ ಕೆಸರು ದಾಟದ ಎರಡು ಊರೋ?
ಅದನ್ನು ತಿಳಿಯಲೇ ಈ ಕೆಲಸ ಎಂದೆ.
"ಅಂದರೆ ಬರಿ ಕೇಳುವುದು.
ಮದುವೆಗೆ ಮೊದಲು ನಾವೂ ಕೇಳುತ್ತೇವೆ."

ಎಕ್ಕೂರಿನ ಪ್ರಯೋಗಾಲಯದಲ್ಲಿ ಆ ಉಗುರಿನಷ್ಟು ಕರಗಿ
ಕಣ್ಣಿಗೆ ಕಾಣದ ದಾರವಾಗುತ್ತದೆ.
ದಾರದಲ್ಲಿ ಅಲ್ಲಲ್ಲಿ ಒಂದು ತೊದಲು:
ಸಿಎ ಸಿಎ ಸಿಎ ಸಿಎ
ಇದಕ್ಕೆ ಹದಿನಾಲ್ಕು ಸಲ, ಅದಕ್ಕೆ ಹದಿನೇಳು.
ಏನೂ ಅರ್ಥವಿಲ್ಲ. ಆದರೂ ಈ ತೊದಲೇ ಮರಿಗೆ ಇಳಿಯುತ್ತದೆ,
ತಾಯಿಯಿಂದೊಂದು, ತಂದೆಯಿಂದೊಂದು.
ಅದನ್ನು ಹಿಡಿಯಲು ಮೂವತ್ತಾರು ಪ್ರೈಮರ್ ತರಿಸಿದ್ದೆ.
ಹನ್ನೊಂದು ಬಾಯಿಯೇ ಬಿಡಲಿಲ್ಲ.
ಎಂಟು, ಸಭೆಯಲ್ಲಿ "ನಾವೆಲ್ಲ ಒಂದೇ" ಎನ್ನುವವರ ಹಾಗೆ
ಎಲ್ಲ ಮೀನಿಗೂ ಒಂದೇ ಮಾತು ಹೇಳಿದವು.
ಕರೆಂಟು ಹೋದ ರಾತ್ರಿ ಒಂದಿಡೀ ತಟ್ಟೆ ಕೆಟ್ಟಿತು.
ನಂಬಬಹುದಾದದ್ದು ಒಂಬತ್ತು.

"ಈ ಮೀನು ಹೆಣ್ಣಾಗಿ ಹುಟ್ಟುತ್ತದೆ ಅಕ್ಕ,"
ಮುಂದಿನ ವಾರ ಹೇಳಿದೆ,
"ಮೊಟ್ಟೆಯಿಟ್ಟು, ವಯಸ್ಸಾದ ಮೇಲೆ ಗಂಡಾಗುತ್ತದೆ.
ಒಂದು ಮರಿಗೆ ತಾಯಿ, ಇನ್ನೊಂದಕ್ಕೆ ತಂದೆ."
ಅವಳ ಕೈ ಕಿವಿರು ಕೀಳುತ್ತಲೇ ಇತ್ತು.
"ನಮ್ಮವರ ದೋಣಿ ಬಾರದ ವರ್ಷ
ದೊಡ್ಡವಳಿಗೆ ನಾನು ತಾಯಿ, ಸಣ್ಣವನಿಗೆ ತಂದೆ.
ಅದನ್ನು ತಿಳಿಯಲು ಯಂತ್ರ ಯಾಕೆ?"
ಮೀನನ್ನು ತಿರುಗಿಸಿ ಹಾಕಿದಳು.
"ಬರಿ ಮಾತ್ರ ಅದೇ. ಮೆಂಡನ್."

ಒಂಬತ್ತರಲ್ಲಿ ಆರು, ಎರಡು ಪಾದೆಯೂ ಬೇರೆ ಎನ್ನುತ್ತಿವೆ.
ಎರಡು, ಅಲ್ಲ ಎನ್ನುತ್ತಿವೆ.
ಒಂದು, ಕೇಳಿದಾಗಲೆಲ್ಲ ಮಾತು ಬದಲಿಸುತ್ತದೆ.
ನಲವತ್ತು ಮೀನು ಸಾಲದು ಎಂದು ವರದಿಯಲ್ಲಿ ಬರೆದಿದ್ದೇನೆ.
ಬಾಲದ ಇಪ್ಪತ್ತು ರೂಪಾಯಿ ಯಾವ ಕಾಲಮ್ಮಿಗೆ ಸೇರಬೇಕೋ
ಇನ್ನೂ ಗೊತ್ತಾಗಿಲ್ಲ.
ನಾಳೆ ಕಾಪು. ಕತ್ತರಿ ತೊಳೆದಿಡಬೇಕು.