ಹದಿನೇಳನೇ ಪುಟದ ಶಬ್ದ

ಅಪ್ಪ ಬಿಟ್ಟುಹೋದದ್ದು ಒಂದು ಮಷೀನು,
ಎರಡು ಕೈ ಬೀಸಿ ಕಾಗದ ಎತ್ತೋ ಹೈಡಲ್‌ಬರ್ಗ್,
ಮತ್ತ ಅದರ ಪುಸ್ತಕ, ನೂರಾ ಹನ್ನೆರಡು ಪುಟ,
ಎಣ್ಣಿ ಕುಡಿದು ಕಂದಾದ ಜರ್ಮನ್.
ಅಂವ ಅದನ್ನ ಓದಿದಾಂವ ಅಲ್ಲ.
ಮಷೀನಿಗೆ ಕಿವಿ ಹಚ್ಚಿ ನಿಲ್ಲಾಂವ,
ಡಾಕ್ಟರು ಎದಿ ಮ್ಯಾಲ ನಳಿಗಿ ಇಡೋಹಂಗ.
ನನಗ ಆ ಕಿವಿ ಇಲ್ಲ.
ಅದಕ್ಕ ನಲವತ್ತಾರನೇ ವಯಸ್ಸಿಗೆ
ಗದಗಿನ ಪ್ರೆಸ್ಸಿಗೆ ಕೀಲಿ ಹಾಕಿ, ಸಂಜಿ ಆರಕ್ಕ
ಬೆಟಗೇರಿಗೆ ಹೊಂಟೆ,
ಜರ್ಮನ್ ದವಾಖಾನಿ ಹಿಂದಿನ ಓಣಿ,
ರಿಟೈರಾದ ನರ್ಸು ಸುಗುಣಾಬಾಯಿ ಹನೋಕರ ಮನಿಗೆ.

ಹದಿನೇಳನೇ ಪುಟದಾಗ ಸಿಕ್ಕಿತು ಆ ಶಬ್ದ.
ಬರೆಯೋದು ಸ, ಅನ್ನೋದು ಜ.
"ಜಾಟ್ಸ್," ಅಂದರು ಬಾಯಿ.
ಮರುದಿನ ಪ್ರೆಸ್ಸಿನ್ಯಾಗ ನಾ ಗಟ್ಟಿಯಾಗಿ ಅಂದೆ, ಜಾಟ್ಸ್.
ಖಾದರಸಾಬ ಮಾರಿ ತಿರುವಿ ನಕ್ಕ.
ಯಾಕಂತ ಹೇಳಲಿಲ್ಲ.

ಅದು ಗಂಡು ಶಬ್ದ ಅಂತ.
ಒಂಟಿ ಇದ್ದಾಗ ಬರಿತಲಿ;
ಎರಡಾದರ ನೆತ್ತಿ ಮ್ಯಾಲ ಎರಡು ಚುಕ್ಕಿ,
ಅಕ್ಷತಿ ಕಾಳು ಬಿದ್ದಂಗ.

ಅಂದ್ರ ಏನ್ರಿ?
"ವಾಕ್ಯ."
ಬರಕೊಂಡೆ.
ಮನಿಗೆ ಬಂದು ದಪ್ಪ ನಿಘಂಟು ತೆಗದ್ರ
ಅರ್ಧ ಕಾಲಂ ತುಂಬ ಅದರ ಸಂಸಾರ:
ಚಹಾದ ತಳದಾಗ ಕೂಡೋ ಗಸಿ.
ನಾಯಿ ಗಟಾರ ದಾಟೋ ಜಿಗಿತ.
ಬಡ್ಡಿ ದರ.
ಕರಿಹಲಗಿ ಮ್ಯಾಲ ಮಾಸ್ತರು ಸಾಧಿಸಿ ತೋರಿಸಿದ ಪ್ರಮೇಯ.
ಮೊಲ ಒಂದ ಸಲಕ್ಕ ಈಯೋ ಅಷ್ಟೂ ಮರಿಗಳು,
ಇದು ಬ್ಯಾಟಿ ಆಡೋರ ಮಾತಂತ, ಸಣ್ಣಕ್ಷರದಾಗ.
ಪಾನಾಗಳ ಸೆಟ್ಟು, ಒಂದೂ ಕಳೆದಿರಬಾರದು.

ಹಂಗಾರ ಹದಿನೇಳನೇ ಪುಟ ಏನು ಹೇಳ್ತೈತಿ?
ಓಡಿಸೋ ಮೊದಲು ವಾಕ್ಯ ಅಲುಗದಂಗ ಬಿಗಿ.
ಓಡಿಸೋ ಮೊದಲು ಗಸಿ ಅಲುಗದಂಗ ಬಿಗಿ.
ಓಡಿಸೋ ಮೊದಲು ಮೊಲದ ಮರಿಗಳನ್ನ...
ಬಾಯಿಗೂ ತಿಳೀಲಿಲ್ಲ.
"ನಾ ಕಲಿತದ್ದು ಜ್ವರದ ಜರ್ಮನ್, ತಂಗಿ," ಅಂದರು,
"ಎಲ್ಲಿ ನೋಯತೈತಿ, ಯಾವಾಗಿಂದ, ಉಸಿರು ಎಳಕೋರಿ."

ಮಂಗಳವಾರ ಫಕ್ಕೀರಪ್ಪ ಗ್ಯಾಲಿ ಹಿಡಕೊಂಡು ಬಂದ,
ಮುಳಗುಂದದ ಅಂಗಡಿಯೊಂದರ ಬಿಲ್‌ಬುಕ್ಕು.
ದಾರ ಸಡಿಲಿತ್ತೋ, ಹೊಸ್ತಿಲ ಎಡವಿದನೋ,
ಒಮ್ಮೆಲೆ ಎಲ್ಲಾ ಜಿಗೀತು.
'ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ'
ನೆಲದ ತುಂಬ ಆತು,
ಒತ್ತು ಒಂದು ಕಡೆ, ಕೊಂಬು ಒಂದು ಕಡೆ,
ಮಷೀನಿನ ಕೆಳಗ ಹೆಪ್ಪುಗಟ್ಟಿದ ಮಸಿಯಾಗ ಕೆಲವು ಕೂತವು.
"ಹೋತ್ರಿ ಅಕ್ಕಾರ, ಕಂಪೋಜೆಲ್ಲಾ ಹೋತು!"
ಮೊಣಕಾಲೂರಿ ಸೀಸ ಆರಿಸ್ತಿದ್ದಾಕಿ
ಹಂಗ ನಿಂತೆ.
ಜಾಟ್ಸ್.
ಕಂಪೋಜು. ದಾರ ಸುತ್ತಿ ಕಟ್ಟಿದ ಕಟ್ಟು.
ನಿಘಂಟಿನ ಕಡೀ ಸಾಲಿನ್ಯಾಗ ಇದ್ದೇ ಇತ್ತು,
ಮುಂದ 'ಟಿಪ್' ಅಂತ ಹಾಕಿದ್ದರು,
ಚಾದಂಗಡಿ ಹುಡುಗಗ ಕೊಡೋ ಟಿಪ್ಪು ಇರಬೇಕಂತ
ಬಿಟ್ಟುಬಿಟ್ಟಿದ್ದೆ.

ಬಾಯಿ ಕೇಳಿದರು, ನಮ್ಮದರಾಗೂ ಇಂಥಾದ್ದೊಂದು ಐತೇನು?
ಮೊಳಿ, ಅಂದೆ.
ಕೇಸಿನ ಮನಿಮನಿಯಾಗ ಮಲಗಿದ್ದು ಮೊಳಿ,
ಕ್ಯಾಲೆಂಡರ್ ತೂಗಹಾಕಿದ್ದು ಮೊಳಿ,
ಒದ್ದಿ ಅರಿವ್ಯಾಗ ಕಟ್ಟಿಟ್ಟ ಮಡಕಿಕಾಳು
ಬೆಳಗಾಗೂದ್ರಾಗ ಹೊರಗ ಚಾಚಿದ್ದು ಮೊಳಿ,
ಮೂವತ್ತೆಂಟು ವರ್ಷ ಸ್ಟೂಲಿನ ಮ್ಯಾಲ ಕೂತು
ಮೊಳಿ ಜೋಡಿಸಿದ್ದಕ್ಕ
ಫಕ್ಕೀರಪ್ಪಗ ಆಗಿರೋದೂ ಮೊಳಿ.
ಬಾಯಿ ನಗಲಿಲ್ಲ. ಕನ್ನಡಕ ಏರಿಸಿ
ಜರ್ಮನ್ನಿನ್ಯಾಗ ಕೇಳಿದರು: ಯಾವಾಗಿಂದ?

ರಾತ್ರಿ ಹತ್ತಕ್ಕ ಕಟ್ಟು ಮತ್ತ ಬಿಗಿದೆವು,
ಪುಟ ಹೇಳಿದಂಗ, ಅಲುಗದಂಗ.
ಖಾದರಸಾಬ ಸ್ವಿಚ್ಚು ಒತ್ತಿದ.
ಐದುನೂರು ಬಿಲ್ಲು ಬಿದ್ದಮ್ಯಾಲ ಕಂಡಿತು,
'ಪಡೆಯುವದಿಲ್ಲ.'
ಒಂದು ಕೊಂಬು ಕಡಿಮಿ.
ಅಂಗಡಿಯವ ಏನೂ ಅನ್ನಲಿಲ್ಲ, ರೊಕ್ಕ ಎಣಿಸಿ ಕೊಟ್ಟ;
ನಮ್ಮ ಕಡೆ ಹಂಗೂ ಬರೀತಾರ.
ನಾ ಇನ್ನೂ ಕಸ ಹೊಡಿವಾಗ ಹುಡುಕ್ತೇನಿ ಅದನ್ನ.
ಅಪ್ಪ ಇದ್ದಿದ್ದರ
ಮೊದಲನೇ ಹಾಳಿ ಬೀಳೂದ್ರಾಗ
ಸಪ್ಪಳದಾಗ ಹಿಡೀತಿದ್ದ.