ಕಿವಿಗಿಟ್ಟು

ನಿನ್ನೆ ಸಂಜೆ ಕಂಬದ ಮೇಲೆ ನ್ಯೂಟ್ರಲ್ ಕಿತ್ತು
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಬೀದಿಗೆಲ್ಲ ನಾನೂರು ವೋಲ್ಟು.
ಫ್ಯಾನು ದೆವ್ವ ಮೆಟ್ಟಿದಂತೆ ತಿರುಗಿತು,
ಟ್ಯೂಬ್‌ಲೈಟು ಒಂದು ಗಳಿಗೆ ಹಗಲಾಗಿ, ಸತ್ತಿತು.

ಬೆಳಿಗ್ಗೆ ಮುಬೀನಾ ಬಂದಳು.
ಸ್ಕ್ರೂ ಬಿಚ್ಚುವ ಮುಂಚೆಯೇ
ಸಿಪಿಯು ಬೆನ್ನಿಗೆ ಮೂಗಿಟ್ಟಳು:
"ಎಸ್‌ಎಂಪಿಎಸ್ ಹೋಗಿದೆ ಸಾರ್, ವಾಸನೆನೇ ಹೇಳುತ್ತೆ."
ಮದರ್‌ಬೋರ್ಡಿನ ಮೇಲೆ ಟಾರ್ಚು ಹಾಯಿಸಿದಳು.
ತಲೆ ಉಬ್ಬಿದ ಕೆಪಾಸಿಟರು ಎರಡು,
ಮೂರನೆಯದರ ಮೇಲೆ ಅನುಮಾನ.
ರ‍್ಯಾಮಿನ ಹಲ್ಲುಗಳನ್ನು
ತಮ್ಮನ ಸ್ಕೂಲಿನ ರಬ್ಬರಿಂದ ಉಜ್ಜಿ
ಪಕ್ಕಕ್ಕಿಟ್ಟಳು. ಇದು ಬದುಕುತ್ತೆ.

ನನಗೆ ಬೇಕಾದ್ದು ಡಿಸ್ಕು.
ಅದರೊಳಗೆ ಹದಿನಾಲ್ಕು ಲಗ್ನಪತ್ರಿಕೆ,
ಒಂದು ತಿಥಿ ಕಾರ್ಡು.
ಸತ್ತವರ ಹೆಸರಿನ ಒತ್ತಕ್ಷರ ತಿದ್ದಿದ್ದೆ,
ಸೇವ್ ಮಾಡಿದೆನೋ ಇಲ್ಲವೋ.

ಬೇರೆ ಸಪ್ಲೈಗೆ ಸಿಕ್ಕಿಸಿ
ಅಂಗೈ ಮೇಲೆ ಎತ್ತಿ ಅದನ್ನು ಕಿವಿಗಿಟ್ಟಳು,
ಅವಳ ಅಬ್ಬಾ ಲಾಟಿನಿಂದ ಒಂದು ಗೂಡು ಹೆಕ್ಕಿ
ಕಿವಿಯ ಹತ್ತಿರ ಕುಲುಕುವ ಹಾಗೆ:
ಒಳಗೆ ಹುಳ ಟಕ್ಕೆನ್ನುತ್ತದೋ,
ಕರಗಿ ಅಂಟಿಕೊಂಡಿದೆಯೋ.

ಹೊರಗೆ ಹರಾಜಿನ ಗಲಾಟೆ, ಲಗೇಜ್ ಆಟೋ ಹಾರ್ನು.
"ಸ್ವಲ್ಪ ಸುಮ್ನಿರಿ ಸಾರ್," ಅಂದಳು.
ನಾನು ಮಾತೇ ಆಡಿರಲಿಲ್ಲ.
ಉಸಿರನ್ನೂ ನಿಲ್ಲಿಸಿದೆ.